ತಿರುಗುವ ಹರಿಗೋಲು, ಕಲಿಸುವ ಆಟ: ಕೃಷ್ಣೆಯ ದಡದಲ್ಲಿ ಹುಟ್ಟು ಹಾಕುವ ವಿದ್ಯೆಯ ಕಥೆ



ಬೇಸಿಗೆ ರಜೆ ಬಂತೆಂದರೆ ನಮ್ಮ ಯುವಜನರ ಸಭೆಯಲ್ಲಿ ಒಂದೇ ಬೇಡಿಕೆ: "ಅಣ್ಣ, ಈ ಸಲ ನೀರಾಟ ಇಡ್ರಿ." ಈ ವರ್ಷ ಒಬ್ಬ ಹುಡುಗ ಮೊಬೈಲಿನಲ್ಲಿ ಕಯಾಕ್ ಓಡಿಸುವ ವಿಡಿಯೊ ತೋರಿಸಿ, "ಇದನ್ನ ನಮ್ಮ ಕಡೆ ಎಲ್ಲಿ ಕಲಿಸ್ತಾರಣ್ಣ?" ಎಂದು ಕೇಳಿದ. ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಕಣ್ಣು ಕಿರಿದು ಮಾಡಿಕೊಂಡು ಆ ವಿಡಿಯೊ ನೋಡಿದರು. ನಕ್ಕು, "ಇದಕ್ಯಾಕ ಅಷ್ಟು ದೂರ ನೋಡ್ತೀಯಪ್ಪಾ? ನಾನು ತವರಿಗೆ ಹೋಗಿಬರ್ತಿದ್ದದ್ದೇ ಹರಗೋಲಿನಾಗ" ಎಂದರು.

ಆ ಮಾತು ನಮ್ಮನ್ನು ಬಿಡಲಿಲ್ಲ. ಅದೇ ಸಭೆಯಲ್ಲಿ ಕೇಳಿದೆವು: ಈಜು ಬರುವವರು ಎಷ್ಟು ಮಂದಿ? ಕೆಲವು ಕೈಗಳು ಎದ್ದವು. ಒಮ್ಮೆಯಾದರೂ ಹುಟ್ಟು ಹಿಡಿದು ನೀರಿಗೆ ಹಾಕಿದವರು? ಒಂದು ಕೈಯೂ ಏಳಲಿಲ್ಲ. ಕೃಷ್ಣೆಯ ನೀರು ಕುಡಿದು ಬೆಳೆದವರು ನಾವು. ಅಜ್ಜ ಅಜ್ಜಿಯರಿಗೆ ಗೊತ್ತಿದ್ದ ಹೊಳೆ ನಮಗೆ ಸೇತುವೆಯ ಮೇಲಿಂದ, ಬಸ್ಸಿನ ಕಿಟಕಿಯಲ್ಲಿ ಕಾಣುವ ಹೊಳೆ ಮಾತ್ರ ಆಗಿದೆ. ಇದು ಹೇಗಾಯಿತು, ಹೋದ ವಿದ್ಯೆಯನ್ನು ಆಟದ ಮೂಲಕ ಮತ್ತೆ ಕಲಿಯಬಹುದೇ ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇವೆ.

ನೀರಿನ ನಡುವಿನ ಊರುಗಳು

ಮೊದಲು ನಕಾಶೆ ನೋಡೋಣ. ಕರ್ನಾಟಕದಿಂದ ಹರಿದುಬರುವ ಕೃಷ್ಣೆ ತೆಲಂಗಾಣಕ್ಕೆ ಕಾಲಿಡುವುದು ನಮ್ಮ ನಾರಾಯಣಪೇಟೆ ಜಿಲ್ಲೆಯ ತಂಗಿಡಿಯ ಹತ್ತಿರ. ಅಲ್ಲಿಯೇ ಭೀಮಾ ನದಿ ಬಂದು ಕೂಡುತ್ತದೆ. ಮುಂದೆ ಕೃಷ್ಣಾ ರೈಲು ನಿಲ್ದಾಣ, ಮಕ್ತಲ್ ಕಡೆಯ ಪಂಚದೇವಪಹಾಡ, ಅದರಾಚೆ ಜುರಾಲ ಅಣೆಕಟ್ಟು, ಆಮೇಲೆ ಗದ್ವಾಲ್ ಸೀಮೆ. ಗದ್ವಾಲಿನವರು ತಮ್ಮ ಸೀಮೆಯನ್ನು ತೆಲುಗಿನಲ್ಲಿ 'ನಡಿಗಡ್ಡ' ಎನ್ನುತ್ತಾರೆ. ನಮ್ಮ ಮಾತಿನಲ್ಲಿ ನಡುಗಡ್ಡೆ. ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ತುಂಗಭದ್ರೆ ಇರುವ ನೆಲಕ್ಕೆ ಬೇರೆ ಯಾವ ಹೆಸರು ಹೊಂದೀತು?

ಹೊಳೆಯ ಒಳಗೇ ನಿಜವಾದ ನಡುಗಡ್ಡೆಗಳೂ ಇವೆ: ಕುರುವಪುರ, ನಾರದಗಡ್ಡೆ, ಕುರ್ವಕಲಾ, ಕುರ್ವಕುರ್ದಾ. ಇವು ರಾಯಚೂರು ತಾಲ್ಲೂಕಿಗೆ ಸೇರಿದವು. ಆದರೆ ಕುರುವಪುರಕ್ಕೆ ಹೋಗುವ ಎಷ್ಟೋ ಯಾತ್ರಿಕರು ಮಕ್ತಲ್ ಮೇಲೆ ಬಂದು, ಪಂಚದೇವಪಹಾಡದ ದಡದಿಂದ ಹರಿಗೋಲು ಹತ್ತುತ್ತಾರೆ. ನಡುಗಡ್ಡೆಯವರು ಸಂತೆ ಸಾಮಾನಿಗೆ ನಮ್ಮ ದಡಕ್ಕೆ ಬರುತ್ತಾರೆ.

ಈ ಹೊಳೆ ರಾಜ್ಯದ ಗಡಿಯಾದದ್ದು ಇತ್ತೀಚೆಗೆ. 1956ರ ತನಕ ಎರಡೂ ದಡಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳಂತೂ ರಾಯಚೂರು ಜಿಲ್ಲೆಯ ಭಾಗವೇ ಆಗಿದ್ದವು. ಆ ವರ್ಷದ ನವೆಂಬರ್ 1ರಂದು ರಾಜ್ಯಗಳ ಪುನರ್‌ವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ, ಗದ್ವಾಲ್ ಮತ್ತು ಆಲಂಪುರ ಆಂಧ್ರಪ್ರದೇಶಕ್ಕೆ ಹೋದವು. ಗದ್ವಾಲ್ ಜಿಲ್ಲೆ 2016ರಲ್ಲಿ, ನಾರಾಯಣಪೇಟೆ ಜಿಲ್ಲೆ 2019ರಲ್ಲಿ ಆದದ್ದು ನಮ್ಮ ಕಣ್ಣೆದುರಿಗೇ. ಕಾಗದದ ಮೇಲೆ ಗೆರೆಗಳು ಬದಲಾದವು. ಮದುವೆ ಸಂಬಂಧ, ಸಂತೆ, ಭಾಷೆ ಮಾತ್ರ ಹೊಳೆ ದಾಟುತ್ತಲೇ ಇದ್ದವು. ದಾಟಿಸುತ್ತಿದ್ದದ್ದು ಹರಿಗೋಲು.

ಬುಟ್ಟಿಯಂಥ ದೋಣಿ

ಕನ್ನಡದಲ್ಲಿ ಹರಿಗೋಲು, ಆಡುಮಾತಿನಲ್ಲಿ ಹರಗೋಲು ಅಥವಾ ತೆಪ್ಪ, ತೆಲುಗಿನಲ್ಲಿ ಪುಟ್ಟಿ. ಹೆಸರು ಯಾವುದಾದರೂ ವಸ್ತು ಒಂದೇ: ಬಿದಿರಿನ ಸೀಳುಗಳಿಂದ ಹೆಣೆದ ದೊಡ್ಡ ದುಂಡು ಬುಟ್ಟಿ. ಹಿಂದೆ ಅದರ ಹೊರಮೈಗೆ ತೊಗಲು ಹೊದಿಸುತ್ತಿದ್ದರು. ಆಮೇಲೆ ಡಾಂಬರು ಬಳಿದ ಬಟ್ಟೆ, ಪ್ಲಾಸ್ಟಿಕ್ ಹಾಳೆ ಬಂದವು. ಈಗ ಅದೇ ಆಕಾರದ ಫೈಬರ್ ಹರಿಗೋಲುಗಳೂ ಇವೆ. ತಳ ಚಪ್ಪಟೆಯಾದ್ದರಿಂದ ಗೇಣು ನೀರಿದ್ದರೂ ತೇಲುತ್ತದೆ. ಬಂಡೆಗೆ ತಾಗಿದರೆ ಮರದ ದೋಣಿ ಒಡೆದೀತು, ಬಿದಿರು ಬಾಗಿಕೊಂಡು ಜಾರುತ್ತದೆ. ಬಂಡೆಗಳೇ ತುಂಬಿರುವ ನಮ್ಮ ಹೊಳೆಗಳಿಗೆ ಹೇಳಿ ಮಾಡಿಸಿದ ದೋಣಿ ಇದು.

ಒಂದೇ ತೊಂದರೆ: ಇದು ತಿರುಗುತ್ತದೆ. ವಿಜ್ಞಾನ ಓದಿದವರಿಗೆ ಕಾರಣ ಸುಲಭ. ಉದ್ದನೆಯ ದೋಣಿಗೆ ಮುಂಭಾಗ, ಹಿಂಭಾಗ ಎಂದಿದೆ. ಅಡ್ಡಕ್ಕೆ ತಿರುಗಲು ಹೋದರೆ ನೀರೇ ತಡೆಯುತ್ತದೆ. ದುಂಡು ಬುಟ್ಟಿಗೆ ಯಾವ ದಿಕ್ಕೂ ಒಂದೇ. ಬಲಗಡೆ ಒಂದು ಸಲ ಹುಟ್ಟು ಹಾಕಿದರೆ ಎಡಕ್ಕೆ ಗಿರಕಿ, ಎಡಗಡೆ ಹಾಕಿದರೆ ಬಲಕ್ಕೆ ಗಿರಕಿ. ಅದಕ್ಕೇ ಅಂಬಿಗ ಪಕ್ಕದಲ್ಲಿ ನಿಂತು ನೂಕುವುದಿಲ್ಲ. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ಮುಂದಿನ ಅಂಚಿನಲ್ಲಿ ಕೂತು, ಹುಟ್ಟನ್ನು ಎದುರಿಗೆ ಇಳಿಸಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಒಮ್ಮೆ ತುಸು ಎಡಕ್ಕೆ, ಒಮ್ಮೆ ತುಸು ಬಲಕ್ಕೆ. ನೋಡಿದರೆ ಏನೂ ಅಲ್ಲ ಅನ್ನಿಸುತ್ತದೆ, ಹಿಡಿದರೆ ಗೊತ್ತಾಗುತ್ತದೆ.

ಈ ಕಸುಬಿನವರನ್ನು ನಮ್ಮ ನಾಡು ಕೇವಲ ದಾಟಿಸುವವರೆಂದು ಕಂಡಿಲ್ಲ. ಹನ್ನೆರಡನೆಯ ಶತಮಾನದ ವಚನಕಾರರ ಸಾಲಿನಲ್ಲಿ ಅಂಬಿಗರ ಚೌಡಯ್ಯನವರ ಹೆಸರಿದೆ. ಹುಟ್ಟು ಹಿಡಿದ ಕೈ ನೇರ ಮಾತಿಗೂ ಹೆಸರಾಯಿತು.

ಪರದೇಶಿಗಳು ಕಂಡ ಹರಿಗೋಲು

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಕಡೆ ತುಂಗಭದ್ರೆಯನ್ನು ಜನ ಹೇಗೆ ದಾಟುತ್ತಾರೆಂದು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಾದ, ಹೊರಗೆ ತೊಗಲು ಹೊದಿಸಿದ ದೋಣಿಗಳು. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ. ಅವು ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುತ್ತವೆ ಎಂದು ಅವನು ಹೇಳುತ್ತಾನೆ. ಐನೂರು ವರ್ಷದ ಹಿಂದೆ ಅವನ ಕಣ್ಣಿಗೆ ಬಿದ್ದದ್ದೂ ಆ ಗಿರಕಿಯೇ.

ಅದೇ 1520ರಲ್ಲಿ ನಮ್ಮ ಕೃಷ್ಣೆಯ ದಡದಲ್ಲಿ ದೊಡ್ಡ ಪಾಠವೊಂದು ನಡೆಯಿತು. ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧ. ಆದಿಲ್ ಶಾಹನ ಸೈನ್ಯ ಉತ್ತರದ ದಡದಲ್ಲಿತ್ತು, ದಾಟಲು ದೋಣಿಗಳು ಬೇಕಿದ್ದವು. ಇತಿಹಾಸಕಾರ ಫೆರಿಸ್ತಾ ಬರೆಯುವ ಪ್ರಕಾರ, ಬೇಕಾದಷ್ಟು ದೋಣಿಗಳು ಇನ್ನೂ ಸಿದ್ಧವಾಗುವ ಮೊದಲೇ, ಮದ್ಯದ ಅಮಲಿನಲ್ಲಿದ್ದ ಸುಲ್ತಾನ ದಾಟಲು ಹೊರಟುಬಿಟ್ಟ. ದಾಟಿದವರು ಕೆಲವರು, ಎದುರಿಗೆ ದೊಡ್ಡ ಸೈನ್ಯ. ಸೋತು ಹಿಂತಿರುಗುವಾಗ ಹಿಂದೆ ಹೊಳೆ. ಅನೇಕರು ನೀರುಪಾಲಾದರು. ವಿಜಯನಗರದಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಕೂಡ ಆ ಸೈನಿಕರು ಕೃಷ್ಣೆಗೆ ಬಿದ್ದು ಸತ್ತದ್ದನ್ನು ಬರೆದಿದ್ದಾನೆ. ರಾಯಚೂರನ್ನು ಮರಳಿ ಪಡೆಯುವವರೆಗೆ ಮದ್ಯ ಮುಟ್ಟುವುದಿಲ್ಲ ಎಂದು ಸುಲ್ತಾನ ಶಪಥ ಮಾಡಿದನಂತೆ. ಹೊಳೆ ಅವನಿಗೆ ಕಲಿಸಿದ ಪಾಠ ನಮಗೂ ಬೇಕು: ನೀರಿನ ಮುಂದೆ ಅವಸರ ಸಲ್ಲದು, ಅಮಲು ಮೊದಲೇ ಸಲ್ಲದು.

ಹದಿನೇಳನೆಯ ಶತಮಾನದಲ್ಲಿ ಗೋಲ್ಕೊಂಡ ಸೀಮೆಯಲ್ಲಿ ಓಡಾಡಿದ ಫ್ರೆಂಚ್ ವಜ್ರ ವ್ಯಾಪಾರಿ ತಾವೆರ್ನಿಯೆ ಇನ್ನೂ ಸೊಗಸಾದ ವಿವರ ಕೊಡುತ್ತಾನೆ. ತೊಗಲು ಹೊದಿಸಿದ ಬುಟ್ಟಿ ದೋಣಿಗಳಲ್ಲಿ ಜನರೂ ಸಾಮಾನೂ ದಾಟುತ್ತಿದ್ದರು. ಬಂಡಿಗಳನ್ನು ಎರಡು ದೋಣಿಗಳ ನಡುವೆ ಕಟ್ಟಿ ತೇಲಿಸುತ್ತಿದ್ದರು. ಕುದುರೆಗಳು ಈಜಿಕೊಂಡು ಬರುತ್ತಿದ್ದವು. ಎರಡು ಹರಿಗೋಲಿನ ಅಂಬಿಗರು ಒಂದೇ ತಾಳದಲ್ಲಿ ಹುಟ್ಟು ಹಾಕದಿದ್ದರೆ ನಡುವಿನ ಬಂಡಿಯ ಗತಿ ಏನು ಯೋಚಿಸಿ! ಕೂಡಿ ದುಡಿಯುವ ಆ ತಾಳವೂ ಈ ವಿದ್ಯೆಯ ಒಂದು ಭಾಗ.

1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೊರಟ ಆರ್ಥರ್ ವೆಲ್ಲೆಸ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳನ್ನು ದಾಟಲು ಇಂಥವೇ ಬುಟ್ಟಿ ದೋಣಿಗಳನ್ನು ಮಾಡಿಸಿ ಇಡಲು ಆಜ್ಞೆ ಕಳಿಸಿದ್ದ. ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಇವನೇ. ಯುರೋಪಿನಲ್ಲಿ ಹೆಸರು ಮಾಡುವ ಮೊದಲು ಆ ಸೇನಾಪತಿ ನಮ್ಮ ಬಿದಿರು ಬುಟ್ಟಿಯನ್ನು ನಂಬಿಕೊಂಡಿದ್ದ.

ಸೇತುವೆ ಬಂತು, ಹುಟ್ಟು ಕೈಬಿಟ್ಟಿತು

1871ರಲ್ಲಿ ಮುಂಬಯಿಯಿಂದ ಬಂದ ರೈಲು ದಾರಿಯೂ ಮದ್ರಾಸಿನಿಂದ ಬಂದ ರೈಲು ದಾರಿಯೂ ರಾಯಚೂರಿನಲ್ಲಿ ಕೂಡಿಕೊಂಡವು. ಕೃಷ್ಣೆಯ ಮೇಲೆ ರೈಲು ಓಡಿತು. ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ದೇವಸೂಗೂರಿನ ಬಳಿ ಕಮಾನುಗಳ ರಸ್ತೆ ಸೇತುವೆಯೂ ಆಯಿತು. ಆಮೇಲೆ 1981ರಲ್ಲಿ ಅಡಿಗಲ್ಲು ಹಾಕಿ 1996ರಲ್ಲಿ ಉದ್ಘಾಟನೆಯಾದ ಪ್ರಿಯದರ್ಶಿನಿ ಜುರಾಲ ಯೋಜನೆ ಬಂತು. ಬೇಸಿಗೆಯಲ್ಲಿ ಬಂಡೆ ತೋರಿಸುತ್ತಿದ್ದ ಹೊಳೆಯಲ್ಲಿ ಅಣೆಕಟ್ಟಿನ ಹಿಂದೆ ನೀರು ನಿಂತಿತು.

ಇವೆಲ್ಲ ಒಳ್ಳೆಯದೇ. ಸೇತುವೆಯಿಂದ ಆಸ್ಪತ್ರೆ ಹತ್ತಿರವಾಯಿತು, ಅಣೆಕಟ್ಟಿನಿಂದ ಹೊಲ ಹಸಿರಾಯಿತು. ಆದರೆ ಬೇಡವಾದ ವಿದ್ಯೆಯನ್ನು ಯಾರೂ ಮಕ್ಕಳಿಗೆ ಕಲಿಸುವುದಿಲ್ಲ. ರಸ್ತೆ ಸಿಕ್ಕ ಊರುಗಳಲ್ಲಿ ಹುಟ್ಟು ಅಟ್ಟ ಸೇರಿತು. ನಡುಗಡ್ಡೆಗಳಲ್ಲಿ ಮಾತ್ರ ಹರಿಗೋಲು ಇಂದಿಗೂ ಆಟವೂ ಅಲ್ಲ, ಪ್ರವಾಸವೂ ಅಲ್ಲ. ಅದೇ ಬಸ್ಸು, ಅದೇ ಆಂಬುಲೆನ್ಸು.

2020ರ ಆಗಸ್ಟ್‌ನಲ್ಲಿ ಹೊಳೆ ತುಂಬಿತ್ತು. ಪಂಚದೇವಪಹಾಡದ ಕಡೆಯಿಂದ ಸಂತೆ ಸಾಮಾನು ತೆಗೆದುಕೊಂಡು ನಡುಗಡ್ಡೆಗೆ ಮರಳುತ್ತಿದ್ದ ಹರಿಗೋಲು ಮಗುಚಿತು. ಅದರಲ್ಲಿದ್ದವರು ಹದಿಮೂರು ಮಂದಿ. ಒಂಬತ್ತು ಜನ ಪಾರಾದರು, ನಾಲ್ವರು ನೀರುಪಾಲಾದರು. ಅವರು ಹೊರಟದ್ದು ನಮ್ಮ ಮಕ್ತಲ್ ದಡದಿಂದ. ಯಾರ ತಪ್ಪು ಎಂದು ತೂಗುವುದು ನಮ್ಮ ಕೆಲಸವಲ್ಲ. ಆದರೆ ಆ ಸುದ್ದಿ ಓದಿ "ಅಯ್ಯೋ ಪಾಪ" ಎಂದು ಪುಟ ಮಗುಚಿದವರಲ್ಲಿ ನಾವೂ ಇದ್ದೆವು. ಅಂಥ ಹೊತ್ತಿನಲ್ಲಿ ದಡದಲ್ಲಿ ನಾವೇ ನಿಂತಿದ್ದರೆ ಏನು ಮಾಡಬಲ್ಲವರಾಗಿದ್ದೆವು? ಈ ಪ್ರಶ್ನೆಯೇ ನಮ್ಮನ್ನು ಆಟದ ಕಡೆಗೆ ತಂದಿತು.

ಬೇರೆ ದೇಶದವರು ಆಟದಲ್ಲಿ ಉಳಿಸಿಕೊಂಡರು

ದುಂಡು ದೋಣಿ ನಮ್ಮದೊಂದೇ ಅಲ್ಲ. ಎರಡೂವರೆ ಸಾವಿರ ವರ್ಷದ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬಾಬಿಲೋನಿಗೆ ಇಳಿಯುವ ತೊಗಲು ದೋಣಿಗಳನ್ನು ವರ್ಣಿಸಿದ್ದಾನೆ. ಒಬ್ಬ ಹುಟ್ಟನ್ನು ತನ್ನ ಕಡೆ ಎಳೆಯುತ್ತಾನೆ, ಇನ್ನೊಬ್ಬ ಹೊರಕ್ಕೆ ನೂಕುತ್ತಾನೆ. ದೋಣಿಯೊಳಗೆ ಒಂದು ಕತ್ತೆ. ಊರು ಮುಟ್ಟಿದ ಮೇಲೆ ದೋಣಿಯ ಚೌಕಟ್ಟು ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದೇ ಮನೆಗೆ. ವೇಲ್ಸ್ ದೇಶದ ಟೈವಿ ನದಿಯಲ್ಲಿ ಮೀನುಗಾರರು ಒಬ್ಬರೇ ಕೂರುವ ಪುಟ್ಟ ಹರಿಗೋಲನ್ನು ಬಳಸುತ್ತಾ ಬಂದಿದ್ದಾರೆ. ಮದ್ರಾಸ್ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ದಕ್ಷಿಣ ಭಾರತದ ಹರಿಗೋಲುಗಳ ಬಗ್ಗೆಯೂ ಬ್ರಿಟನ್ನಿನವುಗಳ ಬಗ್ಗೆಯೂ 1930ರ ದಶಕದಲ್ಲಿ ಬರೆದರು.

ಇನ್ನು ವಿಡಿಯೊದಲ್ಲಿ ಕಂಡ ಕಯಾಕ್. ಅದು ಹಿಮದ ನಾಡಿನ ಇನ್ಯುಟ್ ಜನರ ಬೇಟೆಯ ದೋಣಿ. ಮೇಲ್ಭಾಗ ಮುಚ್ಚಿದ್ದು, ಕಾಲು ಚಾಚಿ ಕೂರಬೇಕು, ಎರಡೂ ತುದಿಗೆ ಅಲಗಿರುವ ಹುಟ್ಟು. ಕೆನೂ ಉತ್ತರ ಅಮೆರಿಕದ ಮೂಲನಿವಾಸಿಗಳ ದೋಣಿ. ಮೇಲ್ಭಾಗ ತೆರೆದಿದ್ದು, ಒಂದೇ ಅಲಗಿನ ಹುಟ್ಟು. ಅವರು ಬರ್ಚ್ ಮರದ ತೊಗಟೆಯಿಂದಲೂ ಅದನ್ನು ಕಟ್ಟುತ್ತಿದ್ದರು. ಒಂದೇ ಅಲಗು ಎಂಬ ಲೆಕ್ಕದಲ್ಲಿ ನಮ್ಮ ಅಂಬಿಗನ ಹುಟ್ಟು ಕೆನೂ ಹುಟ್ಟಿಗೆ ನೆಂಟ.

ಗ್ರೀನ್‌ಲ್ಯಾಂಡಿನವರ ಒಂದು ಪದ್ಧತಿ ನಮಗೆ ಬಹಳ ಹಿಡಿಸಿತು. ಅಲ್ಲಿ ನೀರು ಎಷ್ಟು ತಣ್ಣಗೆಂದರೆ ಕಯಾಕ್ ಮಗುಚಿದರೆ ಹೊರಬಂದು ಈಜುವ ಮಾತಿಲ್ಲ. ಕೂತಲ್ಲೇ ಉರುಳಿ ಮತ್ತೆ ಮೇಲೇಳಬೇಕು. ಆ ಉರುಳುವಿಕೆಗೆ ಬೇಕಾದ ಬಲವನ್ನೂ ಮೈಯ ತಿರುವನ್ನೂ ಅವರು ನೆಲದ ಮೇಲೆ, ಬಿಗಿದು ಕಟ್ಟಿದ ಹಗ್ಗದ ಆಟದಲ್ಲಿ ಕಲಿಯುತ್ತಾರೆ. ಹಗ್ಗ ಹಿಡಿದು ಸುತ್ತುವುದು, ಉರುಳುವುದು, ಮೇಲೇಳುವುದು. ಜೀವ ಉಳಿಸುವ ವಿದ್ಯೆ, ಆದರೆ ಕಲಿಕೆ ಆಟದ ರೂಪದಲ್ಲಿ. ಇಂದೂ ಅಲ್ಲಿ ಆ ಹಗ್ಗದ ಆಟದ ಸ್ಪರ್ಧೆಗಳು ನಡೆಯುತ್ತವೆ.

ಬೇಟೆಯ ದೋಣಿ ಕ್ರೀಡೆಯಾದದ್ದರಲ್ಲಿ ಜಾನ್ ಮ್ಯಾಕ್‌ಗ್ರೆಗರ್ ಎಂಬವರ ಪಾತ್ರ ದೊಡ್ಡದು. ಲಂಡನ್ನಿನ ಬಡ ಹುಡುಗರಿಗೆ ಬೂಟು ಪಾಲಿಷ್ ಕೆಲಸ ಕೊಡಿಸಿ ಬದುಕು ಕಟ್ಟಿಕೊಟ್ಟ ಸಂಘದ ಹಿಂದೆ ಇದ್ದ ಕ್ರೈಸ್ತ ಸೇವಕರು ಅವರು. 1865ರಲ್ಲಿ 'ರಾಬ್ ರಾಯ್' ಎಂಬ ಸಣ್ಣ ದೋಣಿಯಲ್ಲಿ ಯುರೋಪಿನ ನದಿಗಳನ್ನು ಸುತ್ತಿದರು, 1866ರಲ್ಲಿ ಕೆನೂ ಕ್ಲಬ್ ಕಟ್ಟಿದರು. ಆಮೇಲೆ ಜೋರ್ಡನ್ ನದಿಗೂ ಗಲಿಲೇಯ ಸರೋವರಕ್ಕೂ ದೋಣಿ ಇಳಿಸಿದರು. ಶಿಷ್ಯರು ಬಲೆ ಬೀಸಿದ ಅದೇ ನೀರು! ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಗೆ 1936ರ ಬರ್ಲಿನ್‌ನಿಂದ ಪದಕಗಳಿವೆ.

ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. 1994ರ ಹಿರೋಶಿಮಾ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಬಂದಿತ್ತು. 2023ರಲ್ಲಿ ಹಾಂಗ್‌ಝೌನಲ್ಲಿ ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಸಲಾಂ ಜೋಡಿ ಕೆನೂ 1000 ಮೀಟರ್‌ನಲ್ಲಿ ಮತ್ತೆ ಕಂಚು ತಂದಿತು. ಅದೇ ವರ್ಷ ಅಲ್ಲಿಯೇ ನಡೆದ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಪ್ರಾಚಿ ಯಾದವ್ ಕಯಾಕ್‌ನಲ್ಲಿ ಚಿನ್ನ ಗೆದ್ದರು. ಕಾಲಿನಲ್ಲಿ ಬಲವಿಲ್ಲದಿದ್ದರೂ ನೀರಿನ ಮೇಲೆ ಅವರು ಎಲ್ಲರಿಗಿಂತ ಮುಂದೆ.

ನಮ್ಮ ಆಟಗಳಲ್ಲೇ ಇದೆ ಪಾಠ

ಹುಟ್ಟು ಹಾಕುವ ವಿದ್ಯೆಯನ್ನು ಬಿಡಿಸಿ ನೋಡಿದರೆ ಐದು ಸಂಗತಿಗಳಿವೆ: ನೆಟ್ಟಗೆ ಹೋಗುವುದು, ನಿಲ್ಲಿಸಿ ಹಿಂದಕ್ಕೆ ಬರುವುದು, ಪಕ್ಕಕ್ಕೆ ಸರಿಯುವುದು, ತೂಕ ಸಮ ಇಡುವುದು, ಜೊತೆಯವರೊಂದಿಗೆ ತಾಳ ಕೂಡಿಸುವುದು. ಇವುಗಳನ್ನು ಕಲಿಸಲು ನಮ್ಮ ಅಂಗಳದ ಆಟಗಳೇ ಸಾಕು. ಕಯಾಕ್, ಕೆನೂ, ಹರಿಗೋಲು ಮೂರಕ್ಕೂ ಇವು ಹೊಂದುತ್ತವೆ.

ಮೊದಲನೆಯದು ಕೆರೆ-ದಡ. ಅಂಗಳದಲ್ಲಿ ಗೆರೆ ಎಳೆದು ಎಲ್ಲರೂ ಆಡಿದ್ದೇವೆ. "ದಡ" ಎಂದಾಗ ಗೆರೆಯ ಈಚೆ, "ಕೆರೆ" ಎಂದಾಗ ಆಚೆ. ನೀರಿನಲ್ಲಿ "ದಡ" ಎಂದಾಗ ದೋಣಿಯ ತುದಿ ದಡಕ್ಕೆ ಮುಟ್ಟಬೇಕು. "ಕೆರೆ" ಎಂದಾಗ ಹಿಂದುಮುಂದಾಗಿ ಹುಟ್ಟು ಹಾಕಿ ಮೂರು ಮಾರು ಹಿಂದೆ ಸರಿಯಬೇಕು. "ದಡ, ದಡ" ಎಂದು ಮೋಸ ಮಾಡಿದಾಗ ಅಲ್ಲಾಡದೆ ನಿಂತವರೇ ಜಾಣರು. ನಿಲ್ಲಿಸುವುದೂ ಹಿಂದೆ ಬರುವುದೂ ಮೈಗೆ ಹತ್ತುತ್ತವೆ.

ಎರಡನೆಯದು ಗಿರಕಿ ಆಟ. ಹರಿಗೋಲಿನಲ್ಲಿ ಒಬ್ಬರೇ ಕೂತು ಬೇಕೆಂದೇ ಮೂರು ಸುತ್ತು ತಿರುಗಿಸುವುದು. ಸೀಟಿ ಊದಿದ ಕೂಡಲೇ ತಿರುಗುವುದನ್ನು ನಿಲ್ಲಿಸಿ, ಹೇಳಿದ ಗುರುತಿನ ಕಡೆ ನೆಟ್ಟಗೆ ಹೋಗುವುದು. ತಿರುಗಿಸಲು ಬಂದವರಿಗೇ ತಿರುಗದಂತೆ ತಡೆಯಲೂ ಬರುತ್ತದೆ.

ಮೂರನೆಯದು ಹೆಕ್ಕುವ ಆಟ. ಒಣಗಿದ ಸೋರೆಬುರುಡೆಗಳನ್ನು ನೀರಿನಲ್ಲಿ ತೇಲಿಬಿಡಿ. ಹಿಂದೆ ಹಳ್ಳಿಯ ಬಾವಿಗಳಲ್ಲಿ ಮಕ್ಕಳು ಸೊಂಟಕ್ಕೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದ ಬುರುಡೆಗಳೇ ಇವು. ದೋಣಿಯಿಂದ ಕೈ ಚಾಚಿ ಬಾಗಬಾರದು. ಹುಟ್ಟನ್ನು ಪಕ್ಕಕ್ಕೆ ಇಳಿಸಿ ನೀರೆಳೆದು, ದೋಣಿಯನ್ನೇ ಬುರುಡೆಯ ಹತ್ತಿರ ಸರಿಸಿ ಎತ್ತಿಕೊಳ್ಳಬೇಕು. ಬಾಗಿದವರ ಬುರುಡೆ ಲೆಕ್ಕಕ್ಕಿಲ್ಲ. ಇದು ತಮಾಷೆ ಎನಿಸಬಹುದು. ಮುಳುಗುತ್ತಿರುವವರ ಹತ್ತಿರ ಮಗುಚದಂತೆ ಹೋಗುವ ಕ್ರಮವೂ ಇದೇ.

ನಾಲ್ಕನೆಯದು ಕಣ್ಣುಪಟ್ಟಿ. ಮುಂದೆ ಕೂತವರ ಕಣ್ಣಿಗೆ ಬಟ್ಟೆ, ಹಿಂದೆ ಕೂತವರ ಬಾಯಲ್ಲಿ ಮಾತು: "ಎಡಕ್ಕೆ ಒಂದು, ಬಲಕ್ಕೆ ಎರಡು, ತಡಿ." ಅಣ್ಣ ತಂಗಿ, ಅಪ್ಪ ಮಗಳು ಜೋಡಿಯಾಗಿ ಆಡಿದರೆ ನಗು ತಡೆಯಲಾಗುವುದಿಲ್ಲ. ಒಬ್ಬರ ಮಾತನ್ನು ಒಬ್ಬರು ನಂಬಿ, ಕೂಡಿ ಹುಟ್ಟು ಹಾಕಲು ಕಲಿಯುತ್ತಾರೆ.

ಐದನೆಯದು ತೂಕದ ಆಟ. ಇದು ನಮ್ಮ ವಿಜ್ಞಾನದ ಹುಡುಗರಿಗೆ. ಸೊಂಟಮಟ್ಟ ನೀರಿನಲ್ಲಿ ಹರಿಗೋಲನ್ನು ನಿಲ್ಲಿಸಿ, ಒಬ್ಬೊಬ್ಬರನ್ನೇ ಹತ್ತಿಸಿ, ನೀರು ಎಲ್ಲಿಯವರೆಗೆ ಬಂತೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮೊದಲೇ ಲೆಕ್ಕ ಮಾಡಿ ಪಂದ್ಯ ಕಟ್ಟಬಹುದು. ಎರಡು ಮೀಟರ್ ಅಗಲದ ಚಪ್ಪಟೆ ತಳ ಎಂದುಕೊಳ್ಳಿ; ತಳದ ವಿಸ್ತೀರ್ಣ ಸುಮಾರು 3.14 ಚದರ ಮೀಟರ್. ಅದು 10 ಸೆಂಟಿಮೀಟರ್ ಮುಳುಗಿದರೆ ಸುಮಾರು 314 ಕಿಲೋ ನೀರನ್ನು ಸರಿಸುತ್ತದೆ. ಅಂದರೆ ಅರವತ್ತು ಕಿಲೋದ ಐದು ಜನಕ್ಕೆ ಒಂದು ಗೇಣಿನ ಅರ್ಧದಷ್ಟು ಇಳಿಯುತ್ತದೆ. ಹತ್ತು ಜನಕ್ಕೆ ಅದರ ಎರಡರಷ್ಟು. ಆಮೇಲೆ ಎಲ್ಲರೂ ಒಂದೇ ಬದಿಗೆ ಸ್ವಲ್ಪ ವಾಲಿ ನೋಡಿ: ಗುರುತು ಹಾಕಿದ ಅಂಚಿಗೂ ನೀರಿಗೂ ನಡುವಿನ ಅಂತರ ಕಣ್ಮುಚ್ಚುವಷ್ಟರಲ್ಲಿ ಮಾಯ. ಆರ್ಕಿಮಿಡೀಸ್ ಪುಸ್ತಕದಲ್ಲಿ ಅರ್ಥವಾಗದಿದ್ದರೆ ಇಲ್ಲಿ ಅರ್ಥವಾಗುತ್ತಾನೆ. ಇಷ್ಟು ಜನಕ್ಕಿಂತ ಹೆಚ್ಚು ಹತ್ತಬೇಡಿ ಎಂದು ಅಂಬಿಗ ಹೇಳಿದಾಗ ನಾವು ಯಾಕೆ ಎದುರುತ್ತರ ಕೊಡಬಾರದು ಎಂಬುದೂ ಅರ್ಥವಾಗುತ್ತದೆ.

ಆಟಕ್ಕೆ ಮುಂಚೆ ಈ ಮಾತು

ದಯವಿಟ್ಟು ಇದನ್ನು ಓದಿ ಯಾರೂ ನೇರ ಕೃಷ್ಣೆಗೆ ಇಳಿಯಬೇಡಿ. ಮೇಲಿನ ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟರೆ ಬಿಸಿಲಿನ ದಿನದಲ್ಲೂ ಹೊಳೆ ಏರುತ್ತದೆ. ಜುರಾಲ ಗೇಟು ತೆಗೆದರೆ ಕೆಳಗಿನ ದಡದ ಕಥೆಯೂ ಅಷ್ಟೇ. ರಾಯಚೂರು ಭಾಗದ ಕೃಷ್ಣೆಯಲ್ಲಿ ಮೊಸಳೆಗಳಿವೆ. ಆದ್ದರಿಂದ ಆಟಕ್ಕೆ ಈಜುಕೊಳವೇ ಸರಿ. ಇಲ್ಲವಾದರೆ ಮೊಸಳೆ, ಕೆಸರು, ಸುಳಿ ಇಲ್ಲವೆಂದು ಊರ ಹಿರಿಯರು ಹೇಳಿದ, ಸೊಂಟಮಟ್ಟ ನೀರಿನ ಕೆರೆಯ ಅಂಚು.

ಪ್ರತಿಯೊಬ್ಬರಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಬೇಕು. ಈಜು ಬರುವವರಿಗೂ ಬೇಕು. ದಡದಲ್ಲಿ ಹಗ್ಗ ಹಿಡಿದ, ಈಜು ಬಲ್ಲ ಇಬ್ಬರು ದೊಡ್ಡವರು ಇರಬೇಕು. ದೋಣಿಯಲ್ಲಿ ಎದ್ದು ನಿಂತು ಸೆಲ್ಫಿ ತೆಗೆಯುವಂತಿಲ್ಲ. ಮಗುಚಿದರೆ ದೋಣಿಯನ್ನು ಬಿಡದೆ ಹಿಡಿದುಕೊಳ್ಳಬೇಕು. ಮಗುಚಿದ ದೋಣಿಯೂ ಸಾಮಾನ್ಯವಾಗಿ ತೇಲುತ್ತದೆ. ಈ ನಿಯಮಗಳು ಆಟದ ಮಜಾ ಕಡಿಮೆ ಮಾಡುವುದಿಲ್ಲ. ಮರುದಿನವೂ ಆಡಲು ನಾವು ಇರುವಂತೆ ನೋಡಿಕೊಳ್ಳುತ್ತವೆ.

ಮುಂದೆ ಗಂಭೀರವಾಗಿ ಕಲಿಯಬೇಕೆನ್ನುವವರಿಗೆ ದಾರಿಗಳಿವೆ. ಕರ್ನಾಟಕದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಜಲಸಾಹಸ ತರಬೇತಿ ಕೊಡುತ್ತದೆ. ದಾಂಡೇಲಿಯ ಕಾಳಿ ನದಿಯಲ್ಲಿ ಕಯಾಕ್ ಕಲಿಸುವವರಿದ್ದಾರೆ.

ಕಡೆಯ ಮಾತು

ಸಭೆ ಮುಗಿದ ಮೇಲೆ ಆ ಅಜ್ಜಿಯನ್ನು ಮತ್ತೆ ಮಾತಿಗೆಳೆದೆವು. "ಹರಗೋಲಿನಾಗ ಭಯ ಆಗ್ತಿರಲಿಲ್ವೇನಜ್ಜಿ?" ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಆಗ್ತಿತ್ತಪ್ಪಾ. ಆದ್ರ ಹುಟ್ಟು ಹಾಕೋನಿಗೆ ಹೊಳಿ ಗೊತ್ತಿತ್ತು. ನಾವು ಅವನ ಮಾತು ಕೇಳಿ ಸುಮ್ಮನೆ ಕುಂದರ್ತಿದ್ವಿ."

ಇಸ್ಮಾಯಿಲ್ ಆದಿಲ್ ಶಾಹನಿಗೆ ಅಂದು ತಿಳಿಯದೆ ಹೋದದ್ದು ಈ ಎರಡೇ ಮಾತು. ಹೊಳೆ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ಗೊತ್ತಿರುವವರ ಮಾತು ಕೇಳಬೇಕು. ಹೊಳೆ ಗೊತ್ತಿರುವ ಹಿರಿಯರು ನಮ್ಮ ದಡದಲ್ಲಿ ಇನ್ನೂ ಇದ್ದಾರೆ. ಅವರು ಇರುವಾಗಲೇ ಕೇಳಿ ಕಲಿಯಬೇಕು.

ಆದ್ದರಿಂದ ನಿಮಗೆಲ್ಲ ಒಂದು ಸಣ್ಣ ಕೆಲಸ. ಈ ವಾರ ಮನೆಯ ಹಿರಿಯರ ಹತ್ತಿರ ಕೂತು ಮೂರು ಪ್ರಶ್ನೆ ಕೇಳಿ: ನೀವು ಹೊಳೆ ಎಲ್ಲಿ ದಾಟುತ್ತಿದ್ದಿರಿ? ದಾಟಿಸುತ್ತಿದ್ದವರು ಯಾರು? ಚಿಕ್ಕವರಿದ್ದಾಗ ನೀರಿನಲ್ಲಿ ಏನು ಆಡುತ್ತಿದ್ದಿರಿ? ಉತ್ತರಗಳನ್ನು ಬರೆದುಕೊಂಡು ಬನ್ನಿ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಒಟ್ಟಿಗೆ ಕೂತು ಓದೋಣ. ಲೈಫ್ ಜಾಕೆಟ್‌ಗಳ ವ್ಯವಸ್ಥೆಯಾಗಿ, ಹುಟ್ಟು ಹಿಡಿದು ಅನುಭವವಿರುವ ಒಬ್ಬ ಹಿರಿಯರು ಜೊತೆಗೆ ಬರಲು ಒಪ್ಪಿದ ದಿನ, ಕೆರೆ-ದಡ ಆಡೋಣ.

ಮುಂದಿನ ಸಭೆಯಲ್ಲಿ "ಹುಟ್ಟು ಹಿಡಿದವರು ಯಾರು?" ಎಂದು ಕೇಳಿದಾಗ ಹತ್ತು ಕೈಯಾದರೂ ಏಳಲಿ.

ಪ್ರೀತಿಯಿಂದ,
ನಿಮ್ಮ ಯುವಬಳಗ